ಅಜ್ಜಿಯ ಮರದ ಬಲಕ್ಕೆ

ಮಕ್ಕಳೇ, ಬೇರೆಯವರ ಮನೆಗೆ ತನ್ನ ಬೀಗದ ಕೈ ಹಾಕಿ ಸಿಕ್ಕಿಬಿದ್ದವನ ಕತೆ ಕೇಳಿದ್ದೀರಾ? ಅವನು ಕಳ್ಳನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ನಾನೇ!

ಹೋದ ಬೇಸಿಗೆಯಲ್ಲಿ ಬರ್ಲಿನ್ನಿಗೆ ಮಗಳ ಮನೆಗೆ ಹೋಗಿದ್ದೆ. ಅವಳಿರುವುದು ಮಾರ್ತ್ಸಾನ್ ಎಂಬ ಕಡೆ. ಎತ್ತ ನೋಡಿದರೂ ಒಂದೇ ಅಚ್ಚಿನ ಎತ್ತರದ ಕಟ್ಟಡಗಳು, ಗೋಡೆಯ ಮೇಲೆ ನಮ್ಮ ಹಳೇ ಲೆಡ್ಜರಿನಂತೆ ಚೌಕ ಚೌಕ ಗೆರೆ. "ಇದೇನಮ್ಮ, ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗಿದೆ!" ಎಂದುಬಿಟ್ಟೆ. ಮಗಳ ಮುಖ ಸಪ್ಪಗಾಯಿತು.

ಮರುದಿನ ವಾಕಿಂಗ್ ಮುಗಿಸಿ ಬಂದು, ಯಾರೋ ಹೊರಬರುತ್ತಿದ್ದ ಬಾಗಿಲಲ್ಲಿ ನುಗ್ಗಿ, ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಹೋದೆ. ಬೀಗದ ಕೈ ತಿರುಗಲೇ ಇಲ್ಲ. ಒಳಗಿನಿಂದ ಬಾಗಿಲು ತೆರೆದವರು ಬೆಳ್ಳಿಕೂದಲಿನ ಒಬ್ಬ ಅಜ್ಜಿ! ನಾನು ಬೆವರಿದೆ, ಅವರು ನಕ್ಕುಬಿಟ್ಟರು.

ಸಂಜೆ ಕ್ಷಮೆ ಕೇಳಲು ಕೋಡುಬಳೆ ಹಿಡಿದು ಹೋದೆ. ಮೊಮ್ಮಗಳೇ ದುಭಾಷಿ.

ಆಗ ಜರ್ಮನಿ ಎರಡಾಗಿತ್ತು. ಪೂರ್ವ ಜರ್ಮನಿಯಲ್ಲಿ ಸಮಾಜವಾದಿ ಸರ್ಕಾರ. ಯುದ್ಧದಲ್ಲಿ ಎಷ್ಟೋ ಮನೆಗಳು ನೆಲಸಮವಾಗಿದ್ದವು. ಉಳಿದ ಹಳೇ ಮನೆಗಳಲ್ಲಿ ಚಳಿಗೆ ಕಲ್ಲಿದ್ದಲ ಒಲೆ; ಹಲವು ಕಡೆ ನಾಲ್ಕಾರು ಸಂಸಾರಕ್ಕೆ ಸೇರಿ ಒಂದೇ ಪಾಯಿಖಾನೆ. 1990ರೊಳಗೆ ಮನೆಗಳ ಕೊರತೆ ನೀಗಿಸುತ್ತೇವೆಂದು ಸರ್ಕಾರ 1973ರಲ್ಲಿ ಹೊರಟಿತು. ಇಟ್ಟಿಗೆ ಮೇಲೆ ಇಟ್ಟಿಗೆ ಇಡುತ್ತಾ ಕೂತರೆ ಮುಗಿಯುವುದೆಂದು? ಕಾರ್ಖಾನೆಯಲ್ಲೇ ಕಾಂಕ್ರೀಟಿನ ಇಡೀ ಗೋಡೆಗಳನ್ನು ಅಚ್ಚು ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಜೋಡಿಸಿದರು. ನಾನು ಕಂಡ ಗೆರೆಗಳು ಆ ಬೆಸುಗೆಗಳೇ! ಮಾರ್ತ್ಸಾನಿನಲ್ಲಿ ಈ ಕೆಲಸ ಶುರುವಾದದ್ದು 1977ರಲ್ಲಿ.

"ನಾವು ಬಂದ ದಿನ ನಲ್ಲಿ ತಿರುಗಿಸಿದರೆ ಬಿಸಿನೀರು! ಮಕ್ಕಳು ಸ್ನಾನದ ತೊಟ್ಟಿಯಿಂದ ಏಳಲೇ ಇಲ್ಲ" ಎಂದರು ಅಜ್ಜಿ. ಹೊರಗೆ ಮಾತ್ರ ಕೆಸರೋ ಕೆಸರು. ರಬ್ಬರ್ ಬೂಟು ಹಾಕಿಕೊಂಡೇ ಕೆಲಸಕ್ಕೆ ಹೋಗಬೇಕಿತ್ತಂತೆ. ರಜೆಯ ದಿನ ನೆರೆಹೊರೆಯವರೆಲ್ಲ ಸೇರಿ ಗುಂಡಿ ತೋಡಿ ಸಸಿ ನೆಟ್ಟರು.

ಅಜ್ಜಿ ಕಿಟಕಿಯಾಚೆ ಕೈ ತೋರಿದರು. "ಆ ಮರ ನೆಟ್ಟಾಗ ನನ್ನ ಮಗನ ಭುಜದವರೆಗೆ ಇತ್ತು."

ಈಗ ಅದರ ತುದಿ ನಾಲ್ಕನೇ ಮಹಡಿಗೆ ಬಂದಿದೆ.

"ಎಲ್ಲವೂ ಚೆನ್ನಾಗಿತ್ತೇ?" ಎಂದೆ.

"ಮನೆ ಕೊಟ್ಟರು. ಆದರೆ ಗೋಡೆಯಾಚೆ ಇದ್ದ ಅಕ್ಕನ ಮನೆಗೆ ಹೋಗಲು ಬಿಡಲಿಲ್ಲ" ಎಂದು ಸುಮ್ಮನಾದರು.

ಊರನ್ನು ಸೀಳಿದ್ದ ಆ ಗೋಡೆ 1989ರಲ್ಲಿ ತೆರೆಯಿತು. ಮರುವರ್ಷ ದೇಶ ಒಂದಾಯಿತು. ಅಜ್ಜಿ ಅಕ್ಕನನ್ನು ಅಪ್ಪಿಕೊಂಡರು. ಆದರೆ ಪೂರ್ವದ ಎಷ್ಟೋ ಕಾರ್ಖಾನೆಗಳು ಮುಚ್ಚಿದವು. ಅಜ್ಜಿಯ ಮಗನೂ ಕೆಲಸ ಹುಡುಕಿ ಪಶ್ಚಿಮಕ್ಕೆ ಹೋದ. ಮನೆಗಳು ಖಾಲಿ ಬಿದ್ದವು. 2000ದ ನಂತರ ಮಾರ್ತ್ಸಾನಿನ ಉತ್ತರ ಭಾಗದಲ್ಲಿ ಹನ್ನೊಂದು ಮಹಡಿಯ ಕೆಲವು ಕಟ್ಟಡಗಳನ್ನು ಮೇಲಿನಿಂದ ಬಿಚ್ಚಿ ಮೂರರಿಂದ ಆರು ಮಹಡಿಗೆ ಇಳಿಸಿದರು. ಜೋಡಿಸಿದ್ದೂ ಕ್ರೇನೇ, ಬಿಚ್ಚಿದ್ದೂ ಕ್ರೇನೇ. ಇತ್ತ ರಷ್ಯಾದ ಕಡೆಯಿಂದ ಬಂದ ಜರ್ಮನ್ ಮೂಲದವರೂ ವಿಯೆಟ್ನಾಮಿನವರೂ ನೆರೆಯವರಾದರು. ಈಗ ಬರ್ಲಿನ್ನಿನಲ್ಲಿ ಮತ್ತೆ ಮನೆಗಳಿಗೆ ಬರ. ಹಾಗಾಗಿ ನನ್ನ ಮಗಳೂ ಇಲ್ಲಿಗೆ ಬಂದಳು.

ಬ್ಯಾಂಕಿನಲ್ಲಿ ನೂರಾರು ಗೃಹಸಾಲದ ಕಡತಗಳಲ್ಲಿ ಮನೆಯ ಬೆಲೆ ಬರೆದವನು ನಾನು. ಬಿಸಿನೀರು ಕಂಡ ಮಕ್ಕಳ ಖುಷಿಗೆ ಆ ಕಡತದಲ್ಲಿ ಕಾಲಂ ಇರಲಿಲ್ಲ.

ರಾತ್ರಿ ಮಗಳಿಗೆ ಹೇಳಿದೆ: "ಬೆಂಕಿಪೊಟ್ಟಣ ಅಂದದ್ದು ತಪ್ಪಾಯ್ತು ಕಣಮ್ಮ."

ಆಮೇಲೆ ನಾನು ಬಾಗಿಲು ತಪ್ಪಲಿಲ್ಲ. ಅಜ್ಜಿಯ ಮರದ ಎಡಕ್ಕೆ ಅವರ ಬಾಗಿಲು, ಬಲಕ್ಕೆ ನಮ್ಮದು.