ಕೆಂಬಂಡೆಯ ನಾಡು, ದೊಡ್ಡ ಚಕ್ರದ ಗಾಡಿ

ಅಮೆರಿಕ ಸಂಯುಕ್ತ ಸಂಸ್ಥಾನದ ಯೂಟಾ ರಾಜ್ಯದಲ್ಲಿ, ಕೊಲರಾಡೋ ನದಿಯ ಬಳಿ, ಮೋಆಬ್ ಎಂಬ ಸಣ್ಣ ಪಟ್ಟಣವಿದೆ. ಸಮುದ್ರಮಟ್ಟದಿಂದ ಸುಮಾರು ನಾಲ್ಕು ಸಾವಿರ ಅಡಿ ಎತ್ತರದಲ್ಲಿರುವ ಈ ಊರಿನ ಸುತ್ತ ಎತ್ತ ನೋಡಿದರೂ ಮರಳುಗಲ್ಲಿನ ಕೆಂಪು ಗೋಡೆಗಳು. ಆನೆಯ ಬೆನ್ನಿನಂತೆ ಉಬ್ಬಿ ಮಲಗಿದ ಬೋಳು ಬಂಡೆಗಳು. ಲಾಳ ಕಟ್ಟಿದ ಕುದುರೆಗಳು ಇವುಗಳ ಮೇಲೆ ಕಾಲೂರಲಾರದೆ ಜಾರುತ್ತಿದ್ದುದರಿಂದ ಹಿಂದಿನವರು ಇವಕ್ಕೆ ‘ಜಾರುಬಂಡೆ’ ಎಂದೇ ಹೆಸರಿಟ್ಟರು. ಆದರೆ ಕಬ್ಬಿಣಕ್ಕೆ ಒಲಿಯದ ಬಂಡೆ ರಬ್ಬರಿಗೆ ಒಲಿದಿದೆ. ಮಳೆಯಿಲ್ಲದ ದಿನ ಮೋಟಾರಿನ ಟೈರು ಇಲ್ಲಿ ಹಲ್ಲಿಯ ಪಾದದಂತೆ ಕಚ್ಚಿ ನಿಲ್ಲುತ್ತದೆ.

ಈ ಕಾಡುದಾರಿಗಳು ವಿಹಾರಕ್ಕಾಗಿ ಹುಟ್ಟಿದವಲ್ಲ. 1950ರ ದಶಕದಲ್ಲಿ ಯುರೇನಿಯಂ ಅದಿರಿನ ಆಸೆಯಿಂದ ಜನ ಈ ಪ್ರದೇಶಕ್ಕೆ ಮುಗಿಬಿದ್ದರು. ಅದಿರಿನ ಶೋಧಕ್ಕೆಂದು ಕಡಿದ ರಸ್ತೆಗಳಲ್ಲಿ ಸುಮಾರು ನೂರು ಮೈಲಿ ಸುತ್ತುವ ‘ವೈಟ್ ರಿಮ್’ ದಾರಿಯೂ ಒಂದು. 1964ರಲ್ಲಿ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು. 1967ರಿಂದ ಈಸ್ಟರ್ ಹಬ್ಬದ ಕಾಲಕ್ಕೆ ಜೀಪುಗಳ ಯಾತ್ರೆಯೂ ಮೊದಲಾಯಿತು. ಅದಿರಿನ ಲಾರಿಗಳು ಹೋದವು, ದಾರಿಗಳು ಉಳಿದವು.

ಡೆನ್ವರಿನಿಂದ ಹೆಂಡತಿ ಮತ್ತು ಮಗಳೊಡನೆ ಬಂದ ಒಬ್ಬ ಗೃಹಸ್ಥನ ಜೀಪಿನಲ್ಲಿ ಒಂದು ವಿಶೇಷವಿತ್ತು. ಕಾರ್ಖಾನೆಯಿಂದ 33 ಅಂಗುಲದ ಟೈರಿನೊಡನೆ ಬಂದಿದ್ದ ಗಾಡಿಗೆ ಆತ 35 ಅಂಗುಲದವನ್ನು ತೊಡಿಸಿದ್ದ. ಗಾಡಿಯ ಮೈಯನ್ನು ಮಾತ್ರ ಎತ್ತರಿಸಿರಲಿಲ್ಲ, ಸ್ಪ್ರಿಂಗುಗಳೆಲ್ಲ ಮೊದಲಿನವೇ. ಎತ್ತರಿಸಿದ ಗಾಡಿ ಓರೆಯ ಬಂಡೆಯಲ್ಲಿ ಮಗುಚುವ ಭಯ ಹೆಚ್ಚು, ಖರ್ಚೂ ಹೆಚ್ಚು ಎಂಬುದು ಆತನ ವಾದ. ವಾದವೇನೋ ಸರಿಯೇ.

ಆದರೆ ಚಕ್ರದ ಲೆಕ್ಕ ತುಸು ಜಿಪುಣತನದ್ದು. ವ್ಯಾಸ ಎರಡು ಅಂಗುಲ ಹೆಚ್ಚಿದರೆ ಅಚ್ಚು ಮೇಲೇರುವುದು ಒಂದೇ ಅಂಗುಲ. ಉಳಿದೊಂದು ಅಂಗುಲ ಮಡ್‌ಗಾರ್ಡಿನ ಕೆಳಗಿನ ಬರಿಜಾಗವನ್ನು ನುಂಗುತ್ತದೆ. ವೇಗಮಾಪಕವು 60 ಮೈಲಿಯೆಂದು ತೋರಿಸುವಾಗ, ಅದನ್ನು ಸರಿಪಡಿಸದಿದ್ದರೆ, ಗಾಡಿ ಸುಮಾರು 64 ಮೈಲಿಯ ವೇಗದಲ್ಲಿರುತ್ತದೆ. ಭಾರವಾದ ಚಕ್ರವನ್ನು ತಿರುಗಿಸಲು ಎಂಜಿನ್ನೂ ತಡೆಯಲು ಬ್ರೇಕೂ ಹೆಚ್ಚು ಶ್ರಮಪಡಬೇಕು. ಹಿಂಬಾಗಿಲಿಗೆ ತೂಗಿದ ಐದನೆಯ ಚಕ್ರದ ಭಾರ ಬಾಗಿಲಿನ ಕೀಲುಗಳ ಮೇಲೆ ಬೀಳುತ್ತದೆ. 2021ರಲ್ಲಿ ಜೀಪ್ ಕಂಪನಿಯೇ ತನ್ನ ರೂಬಿಕಾನ್ ಗಾಡಿಗೆ 35 ಅಂಗುಲದ ಟೈರು ಕೊಟ್ಟಾಗ ಮೈಯನ್ನು ಒಂದೂವರೆ ಅಂಗುಲ ಎತ್ತರಿಸಿತು, ಅಚ್ಚಿನ ಹಲ್ಲುಚಕ್ರಗಳ ಪ್ರಮಾಣವನ್ನು ಬದಲಿಸಿತು, ಹಿಂಬಾಗಿಲನ್ನು ಬಲಪಡಿಸಿತು. ಟೈರೊಂದನ್ನೇ ಬದಲಿಸಿ ಕೈತೊಳೆದುಕೊಳ್ಳಲಿಲ್ಲ.

ಗೃಹಸ್ಥ ಅಜಾಗರೂಕನೇನೂ ಅಲ್ಲ. ಹೊರಡುವ ಮುನ್ನ ಮನೆಯಂಗಳದಲ್ಲೇ ಒಂದು ಮುಂಗಾಲಿಯನ್ನು ದಿಮ್ಮಿಯ ಮೇಲೇರಿಸಿ, ಸ್ಟೇರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ಪರೀಕ್ಷಿಸಿದ್ದ. ಮೇಲ್ಗಡೆ ಟೈರು ಮಡ್‌ಗಾರ್ಡಿಗೆ ತಾಗಲಿಲ್ಲ. ಆದರೆ ಪೂರ್ತಿ ತಿರುಗಿಸಿದಾಗ ಅದರ ಒಳಮೈ ಅಚ್ಚನ್ನು ಹಿಡಿದಿರುವ ಉಕ್ಕಿನ ತೋಳಿಗೆ ಉಜ್ಜಿತು. ಸ್ಟೇರಿಂಗಿನ ತಡೆಗೆ ಒಂದೆರಡು ವಾಷರುಗಳನ್ನು ಸೇರಿಸಿದ. ಚಕ್ರ ಅಷ್ಟು ದೂರ ತಿರುಗದಂತಾಯಿತು, ಉಜ್ಜುವುದು ನಿಂತಿತು. ತಿರುಗುವ ವೃತ್ತ ಅಷ್ಟರಮಟ್ಟಿಗೆ ಹಿಗ್ಗಿತೆಂಬುದನ್ನು ಮಾತ್ರ ಆತ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಮೊದಲನೆಯ ದಿನ ‘ನರಕದ ಸೇಡು’ ಎಂಬ ಭಯಂಕರ ಹೆಸರಿನ ಬಂಡೆದಾರಿ. ಟೈರಿನ ಗಾಳಿಯನ್ನು ಚದರ ಅಂಗುಲಕ್ಕೆ 36 ಪೌಂಡಿನಿಂದ 18 ಪೌಂಡಿಗೆ ಇಳಿಸಿದ. ಗಾಳಿ ಇಳಿದ ರಬ್ಬರು ಬಂಡೆಯ ಮೇಲೆ ಉದ್ದಕ್ಕೆ ಹರಡಿ ಹಿಡಿತವನ್ನು ಹೆಚ್ಚಿಸಿತು. ಮುಂದೆ ಆಕಾಶವೊಂದೇ ಕಾಣುವಂಥ ಏರುಗಳನ್ನು ಜೀಪು ಸದ್ದಿಲ್ಲದೆ ಹತ್ತಿತು. ಮಗಳು ಚಪ್ಪಾಳೆ ತಟ್ಟಿದಳು. ಎಲ್ಲ ಕೀರ್ತಿಯೂ ದೊಡ್ಡ ಚಕ್ರಕ್ಕೇ ಸಂದಿತು. ಕಾರ್ಖಾನೆಯ ಟೈರಿನಲ್ಲಿಯೇ ಅದೇ ಏರನ್ನು ಹತ್ತಿ ಬಂದಿದ್ದ ಹಿಂದಿನ ಗಾಡಿಯನ್ನು ಯಾರೂ ಗಮನಿಸಲಿಲ್ಲ.

ಎರಡನೆಯ ದಿನ ಶೇಫರ್ ದಾರಿ. ಒಂದು ಕಾಲಕ್ಕೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಈ ಜಾಡು ಪ್ರಸ್ಥಭೂಮಿಯ ಅಂಚಿನಿಂದ ಸುಮಾರು 1500 ಅಡಿ ಕೆಳಕ್ಕೆ ಹಾವಿನಂತೆ ಹೊರಳಿ ಇಳಿಯುತ್ತದೆ. ಆಗುಂಬೆಯ ಘಾಟಿಯನ್ನು ಕಂಡವರು ಅಲ್ಲಿನ ಡಾಂಬರನ್ನೂ ತಡೆಗೋಡೆಯನ್ನೂ ಅಳಿಸಿ ಕಲ್ಪಿಸಿಕೊಳ್ಳಬಹುದು. ನಿನ್ನೆ ಬಂಡೆಗೆ ಬೇಕಾಗಿದ್ದುದು ಹಿಡಿತ. ಇಂದು ದಾರಿ ಕೇಳಿದ್ದು ತಿರುವು. ಒಂದು ಕಡಿದಾದ ತಿರುವಿನಲ್ಲಿ ಸ್ಟೇರಿಂಗು ಕೊನೆ ಮುಟ್ಟಿತು. ಜೀಪಿನ ಮೂತಿ ಇನ್ನೂ ಪ್ರಪಾತದತ್ತಲೇ ಇತ್ತು. ಕೆಳಗಿನಿಂದ ಏರಿ ಬರುತ್ತಿದ್ದ ಗಾಡಿಯೊಂದು ತಿರುವಿನಾಚೆ ಕಾದು ನಿಂತಿತು. ಹೆಂಡತಿ ಮಾತಾಡದೆ ಮಗಳ ಕೈಹಿಡಿದು ಕೆಳಗಿಳಿದಳು. ಗೋಡೆಯ ಬದಿಗೆ ನಿಂತು, ಹಿಂದೆ ಎಷ್ಟು ಜಾಗವಿದೆಯೆಂದು ಕೈಸನ್ನೆ ಮಾಡಿದಳು. ಒಂದು ಗೇಣು ಹಿಂದೆ, ಒಂದು ಗೇಣು ಮುಂದೆ. ಮತ್ತೊಮ್ಮೆ ಹಿಂದೆ. ಚಕ್ರದಡಿಯಿಂದ ಸಿಡಿದ ಕಲ್ಲೊಂದು ಅಂಚಿನಾಚೆ ಉರುಳಿತು. ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು. ಮೂರನೆಯ ಯತ್ನದಲ್ಲಿ ಜೀಪು ತಿರುಗಿತು. ಕಾದಿದ್ದ ಗಾಡಿಯ ಮುದುಕ ಚಾಲಕ ಟೋಪಿಯೆತ್ತಿ ವಂದಿಸಿ ಏರಿಹೋದ. ಆ ಗಾಡಿಯ ಚಕ್ರಗಳು ಚಿಕ್ಕವು. ಅದೇ ತಿರುವನ್ನು ಅದು ಒಂದೇ ಬಾರಿಗೆ ದಾಟಿತು.

ಸಂಜೆ ಊರಿಗೆ ಮರಳಿ ಟೈರಿಗೆ ಗಾಳಿ ತುಂಬಿಸುವಾಗ ಗೃಹಸ್ಥ ಬಹಳ ಹೊತ್ತು ಆ ವಾಷರುಗಳನ್ನೇ ನೋಡುತ್ತಿದ್ದ. ದೊಡ್ಡ ಚಕ್ರ ಕೆಟ್ಟದ್ದೆಂದಲ್ಲ. ಅದು ಕೊಟ್ಟ ಒಂದಂಗುಲವೂ ಸುಳ್ಳಲ್ಲ. ಆ ಅಂಗುಲವನ್ನು ಎಲ್ಲಿಂದ ಕಡ ತಂದಿತೆಂಬುದನ್ನು ತಿಳಿಯದೆ ಹೊರಟದ್ದೇ ತಪ್ಪು. ಮಗಳು ಹತ್ತಿರ ಬಂದು, ನಾಳೆ ಯಾವ ದಾರಿಯೆಂದು ಕೇಳಿದಳು. ಆತ ನಕ್ಷೆಯನ್ನು ಬಿಡಿಸಿ, ಈ ಸಲ ಏರುಗಳನ್ನಲ್ಲ, ತಿರುವುಗಳನ್ನು ಎಣಿಸತೊಡಗಿದ.