ಒಂಬತ್ತನೇ ಫ್ಲಾಪಿ

ನಾನು ಚಾಮರಾಜಪೇಟೆಯ ಒಂದು ಮುದ್ರಣಾಲಯಕ್ಕೆ ಕಂಪೋಸಿಟರ್ ಆಗಿ ಸೇರಿದ್ದು 1979ರಲ್ಲಿ. ಅಲ್ಲಿ ಬೆಳಿಗ್ಗೆ ಇದ್ದ ಪುಸ್ತಕ ಸಂಜೆಗೆ ಇರುತ್ತಿರಲಿಲ್ಲ. ಹದಿನಾರು ಪುಟದ ಫಾರಂ ಅಚ್ಚಾಗಿ ಮಷೀನಿನಿಂದ ಇಳಿಯಿತು ಎಂದರೆ ಸೀಮೆಎಣ್ಣೆಯಲ್ಲಿ ಅಚ್ಚುಮೊಳೆ ತೊಳೆದು ಒಂದೊಂದನ್ನೂ ಕೇಸಿನಲ್ಲಿ ಅದರದರ ಮನೆಗೆ ಹಂಚಬೇಕು. ಹಂಚದಿದ್ದರೆ ಮುಂದಿನ ಫಾರಂ ಕಟ್ಟಲು ಮೊಳೆಯೇ ಇಲ್ಲ. ಒತ್ತು, ಗುಣಿತ, ಅರ್ಕಾವತ್ತು ಎಲ್ಲ ಬೇಕಾದ ಕನ್ನಡಕ್ಕೆ ಎಷ್ಟು ಮೊಳೆ ಇದ್ದರೂ ಸಾಲದು. ಮದುವೆ ಕಾಗದದ ತಲೆಬರಹ, ಬಿಲ್ ಪುಸ್ತಕದ ಚೌಕಟ್ಟು ಇಂಥವನ್ನು ಮಾತ್ರ ಹುರಿಹಗ್ಗದಲ್ಲಿ ಬಿಗಿದು ಹಾಗೇ ಇಡುತ್ತಿದ್ದೆವು. ಪುಸ್ತಕಕ್ಕೆ ಆ ಭಾಗ್ಯವಿರಲಿಲ್ಲ. ಎರಡನೇ ಮುದ್ರಣ ಎಂದರೆ ಮೊದಲಿನಿಂದ ಮತ್ತೆ ಜೋಡಣೆ.

ಅದಕ್ಕೇ ನಮ್ಮ ಫೋರ್‌ಮನ್ ಒಂದು ಕಬ್ಬಿಣದ ಟ್ರಂಕು ಇಟ್ಟಿದ್ದರು. ಪ್ರತಿ ಫಾರಮ್ಮಿನ ಮೊದಲ ಒಳ್ಳೆಯ ಹಾಳೆ ಮಡಿಸಿ ಅದರೊಳಗೆ ಹೋಗಬೇಕು, ಜೊತೆಗೆ ನಾಲ್ಕು ಬೇವಿನೆಲೆ. ಬೀಗದ ಕೈ ಅವರ ಜನಿವಾರದಲ್ಲಿ. ಯಜಮಾನರೇ ಕೇಳಿದರೂ "ನೋಡಿ ಇಲ್ಲೇ ಕೊಡಿ" ಎನ್ನುತ್ತಿದ್ದರು.

1992ರಲ್ಲಿ ಮೊದಲ ಕಂಪ್ಯೂಟರ್ ಬಂತು. ಅದಕ್ಕೊಂದು ಗಾಜಿನ ಕೋಣೆ, ಚಪ್ಪಲಿ ಹೊರಗೆ. ಮಾರಲು ಬಂದಾತ ಹೇಳಿದ ಒಂದು ಮಾತಿಗೆ ಯಜಮಾನರು ಸೋತುಹೋದರು: "ಸಾರ್, ಇನ್ನು ಮೊಳೆ ಹಂಚೋದಿಲ್ಲ. ಒಂದು ಸಲ ಹೊಡೆದರೆ ಶಾಶ್ವತ." ನಾವೂ ನಂಬಿದೆವು. ಕೇಸುಗಳನ್ನು ತೂಕಕ್ಕೆ ಹಾಕಿದ ದಿನ ಫೋರ್‌ಮನ್ ರಜೆ ಹಾಕಿದ್ದರು. ಟ್ರಂಕು ಮಹಡಿ ಮೆಟ್ಟಿಲ ಕೆಳಗೆ ಸೇರಿತು. ಅದಕ್ಕೆ ಹಾಳೆ ಹಾಕುವವರು ಯಾರೂ ಉಳಿಯಲಿಲ್ಲ.

ಕಂಪ್ಯೂಟರ್ ಕಲಿತ ಇಬ್ಬರಲ್ಲಿ ನಾನೊಬ್ಬ. ಪೇಜ್‌ಮೇಕರಿನಲ್ಲಿ ಪುಟ ಕಟ್ಟಿ, ಲೇಸರ್ ಪ್ರಿಂಟರಿನಲ್ಲಿ ಟ್ರೇಸಿಂಗ್ ತೆಗೆದು ಪ್ಲೇಟಿಗೆ ಕಳಿಸುವುದು. ಕೆಲಸ ಮುಗಿದ ಕಡತ ಫ್ಲಾಪಿಗೆ. ಒಂದು ಫ್ಲಾಪಿಯಲ್ಲಿ ಹಿಡಿಸುವುದು 1.44 ಎಂಬಿ. ಬರೀ ಅಕ್ಷರವಾದರೆ ದಪ್ಪ ಕಾದಂಬರಿಯೂ ಒಂದೆರಡರಲ್ಲಿ ಮುಗಿಯುತ್ತಿತ್ತು. ಚಿತ್ರ ಸೇರಿತೋ, ಎಆರ್‌ಜೆ ಎಂಬ ತಂತ್ರಾಂಶದಲ್ಲಿ ಕಡತವನ್ನು ಹಿಂಡಿ, ತುಂಡು ಮಾಡಿ, ಒಂದಾದ ಮೇಲೊಂದು ಫ್ಲಾಪಿ ಉಣಿಸುತ್ತ ಕೂರಬೇಕು. ಸಂಜೆ ಯಜಮಾನರು ಮೆಟ್ಟಿಲಿಳಿಯುತ್ತ "ಬ್ಯಾಕಪ್ ತಗೊಂಡ್ಯೇನೋ?" ಎಂದು ಕೂಗುವರು. "ತಗೊಂಡೆ" ಎಂದರೆ ಮುಗಿಯಿತು. ಆಯುಧಪೂಜೆಯ ದಿನ ಫ್ಲಾಪಿ ಡಬ್ಬಿಗಳಿಗೂ ಅರಿಶಿನ ಕುಂಕುಮ. ಒಮ್ಮೆ ಡ್ರೈವಿನ ಬಾಯಿಗೇ ಯಾರೋ ಭಕ್ತಿಯಿಂದ ಕುಂಕುಮ ಹಚ್ಚಿ, ಮಾರನೇ ದಿನ ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ್ದೂ ಉಂಟು.

1999ರ ಏಪ್ರಿಲ್ 26, ಸೋಮವಾರ. ಮದುವೆ ಕಾಗದ ಮತ್ತು ಶಾಲೆ ಗೈಡುಗಳು ಒಟ್ಟಿಗೆ ತಲೆ ಮೇಲೆ ಬರುವ ಕಾಲ. ಹೊಸ ಯಂತ್ರದ ಪರದೆ ಬೆಳಗಲೇ ಇಲ್ಲ. ಹಳೆಯದು ಹೊತ್ತಿಕೊಂಡಿತು, ಆದರೆ ನನ್ನೊಳಗೆ ಡಿಸ್ಕೇ ಇಲ್ಲ ಎಂದಿತು. ಕರೆಂಟಿನ ತೊಂದರೆ ಎಂದುಕೊಂಡು ಎರಡನ್ನೂ ಆಟೋದಲ್ಲಿ ಹಾಕಿಕೊಂಡು ಎಸ್.ಪಿ. ರಸ್ತೆಗೆ ಹೋದರೆ, ರಿಪೇರಿ ಅಂಗಡಿಯ ಮುಂದೆ ನನ್ನ ಹಾಗೇ ಸಿಪಿಯು ಅಪ್ಪಿಕೊಂಡವರ ಸಾಲು. ಚೆರ್ನೋಬಿಲ್ ವೈರಸ್ ಎಂದರು. ಅಣುಸ್ಥಾವರ ಸಿಡಿದ ತಾರೀಖಿಗೇ ಏಳುವುದರಿಂದ ಆ ಹೆಸರು. ಬರೆದವನು ತೈವಾನಿನ ಒಬ್ಬ ವಿದ್ಯಾರ್ಥಿ. ನಮ್ಮಲ್ಲಿಗೆ ಅದನ್ನು ಕರೆತಂದವನು ಬಹುಶಃ ನಾನೇ. ಫುಟ್‌ಪಾತಿನಲ್ಲಿ ನೂರು ರೂಪಾಯಿ ಕೊಟ್ಟು ತಂದ, ಲೆಕ್ಕವಿಲ್ಲದಷ್ಟು ತಂತ್ರಾಂಶ ತುಂಬಿದ್ದ ಸಿಡಿಯ ವಿಷಯ ನಾನು ಅಂದು ಬಾಯಿ ಬಿಡಲಿಲ್ಲ.

ರಿಪೇರಿ ಹುಡುಗನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವನು ಹೇಳಿದ್ದನ್ನು ನಾನು ಪ್ರೆಸ್ಸಿನ ಭಾಷೆಯಲ್ಲಿ ಹೀಗೆ ಅರ್ಥ ಮಾಡಿಕೊಂಡೆ. ಯಾವ ಕಡತದ ಯಾವ ತುಂಡು ಯಾವ ಮನೆಯಲ್ಲಿದೆ ಎಂದು ಬರೆದಿಟ್ಟ ಖಾತೆ ಡಿಸ್ಕಿನ ಶುರುವಿನಲ್ಲೇ ಇರುತ್ತದೆ. ಒಂದರ ಬೆನ್ನಿಗೆ ಇನ್ನೊಂದು, ಎರಡು ಪ್ರತಿ. ವೈರಸ್ ಡಿಸ್ಕಿನ ಮೊದಲ 1 ಎಂಬಿಯ ಮೇಲೆ ಮಸಿ ಬಳಿಯುತ್ತದೆ. ಹೊಸ ಯಂತ್ರದ ಡಿಸ್ಕು ದೊಡ್ಡದು, ಅದರ ಖಾತೆಯೇ ಸುಮಾರು 4 ಎಂಬಿ ಉದ್ದ, ಹಾಗಾಗಿ ಎರಡನೇ ಪ್ರತಿಗೆ ಮಸಿ ಮುಟ್ಟಿಲ್ಲ. ಹಳೆಯ ಡಿಸ್ಕು ಹಳೇ ಪದ್ಧತಿಯದು. ಅಲ್ಲಿ ಒಂದು ಖಾತೆ ಹೆಚ್ಚೆಂದರೆ 128 ಕೆಬಿ. ಎರಡು ಪ್ರತಿಯೂ ಒಂದೇ ಏಟಿಗೆ ಹೋಗಿವೆ. ಪ್ರತಿ ಎರಡಿದ್ದೂ ಪಕ್ಕಪಕ್ಕ ಇದ್ದದ್ದಕ್ಕೆ ಸತ್ತವು. ಹೊಸದಕ್ಕೆ, ವೈರಸ್ ಕೆಡಿಸಿದ್ದ ಬಯೋಸ್ ಚಿಪ್ಪು ಬದಲಾಯಿಸಿ, ಎರಡನೇ ಖಾತೆ ಹಿಡಿದು ಮೂರು ದಿನದಲ್ಲಿ ಜೀವ ತಂದುಕೊಟ್ಟ. ಹಳೆಯದಕ್ಕೆ ಕೈ ಮುಗಿದ.

ಹಳೆಯದರಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಪುಸ್ತಕವಿತ್ತು. ಊರೂರು ತಿರುಗಿ ಕೂಡಿಸಿದ ಬೇಸಾಯದ ಸಲಕರಣೆಗಳ ಹೆಸರುಗಳು: ಕೂರಿಗೆ, ಕುಂಟೆ, ಹಲುಬೆ, ಅವುಗಳ ಒಂದೊಂದು ಅಂಗಕ್ಕೆ ಸೀಮೆಗೊಂದು ಮಾತು, ಜೊತೆಗೆ ಅವರೇ ಬರೆದ ರೇಖಾಚಿತ್ರ. 412 ಪುಟ, ಕೊನೆಯ ಕರಡು ತಿದ್ದಿ ಟ್ರೇಸಿಂಗಿಗೆ ಸಿದ್ಧವಾಗಿತ್ತು. ನನಗೆ ಭಯವಿರಲಿಲ್ಲ, ಏಕೆಂದರೆ ಬ್ಯಾಕಪ್ ಇತ್ತು. ಗೋಡೆ ಬೀರುವಿನಿಂದ ಹದಿನಾಲ್ಕು ಫ್ಲಾಪಿ ತೆಗೆದು ಒಂದೊಂದೇ ಹಾಕತೊಡಗಿದೆ. ಎಂಟರ ತನಕ ಎಲ್ಲವೂ ಸರಾಗ. ಒಂಬತ್ತನೆಯದಕ್ಕೆ ಡ್ರೈವು ಕಟಕಟ ಹಲ್ಲು ಕಡಿಯಿತು. ಹೊರಗೆ ತೆಗೆದು ಲೋಹದ ಬಾಗಿಲು ಸರಿಸಿ ನೋಡಿದೆ. ಕಂದು ತಟ್ಟೆಯ ಮೇಲೆ ಬಿಳಿ ಬೂಷ್ಟು, ಹಳೇ ಉಪ್ಪಿನಕಾಯಿಯ ಮೇಲೆ ಬರುವಂಥದ್ದು. ಹಿಂದಿನ ಮಳೆಗಾಲದಲ್ಲಿ ಆ ಗೋಡೆ ಒಸರಿದ್ದನ್ನು ಎಲ್ಲರೂ ನೋಡಿದ್ದೆವು. ಬೀರುವಿನ ಒಳಗೆ ಯಾರೂ ಇಣುಕಿರಲಿಲ್ಲ. ಇಡೀ ಪುಸ್ತಕ ಒಂದೇ ಕಡತವಾದ್ದರಿಂದ ಮಿಕ್ಕ ಹದಿಮೂರೂ ದಂಡ. ಹದಿನಾಲ್ಕನ್ನೂ ಬರೆದವನು ನಾನೇ, ಚೀಟಿ ಅಂಟಿಸಿ ಮುದ್ದಾಗಿ ಅಂಕಿ ಹಾಕಿದವನೂ ನಾನೇ. ಬರೆದದ್ದು ಮರಳಿ ಬರುತ್ತದೆಯೇ ಎಂದು ತೆರೆದು ನೋಡಿದ್ದು ಒಂದು ದಿನವೂ ಇಲ್ಲ.

ಮೇಷ್ಟ್ರಿಗೆ ಹೇಳಲು ಯಜಮಾನರು ನನ್ನನ್ನೇ ಕಳಿಸಿದರು. ಅವರು ಪೂರ್ತಿ ಕೇಳಿಸಿಕೊಂಡು ಒಳಗೆ ಹೋಗಿ ಬಟ್ಟೆ ಚೀಲವೊಂದನ್ನು ತಂದರು. ಮೂರನೇ ಕರಡಿನ ಹಾಳೆಗಳು, ಕೆಂಪು ಶಾಯಿಯ ತಿದ್ದುಪಡಿ ಸಮೇತ, ಚಿತ್ರಗಳೂ ಇದ್ದವು. "ಮೊಳೆ ಕಾಲದ ಅಭ್ಯಾಸ" ಎಂದಷ್ಟೇ ಹೇಳಿ ಕಾಫಿ ಕೊಟ್ಟರು. ಎರಡು ತಿಂಗಳು ಕೂತು ಮತ್ತೆ ಹೊಡೆದೆ. ಪದಸೂಚಿ ಮಾತ್ರ ಆ ಚೀಲದಲ್ಲಿರಲಿಲ್ಲ. ಪುಸ್ತಕ ಪದಸೂಚಿಯಿಲ್ಲದೇ ಬಂತು. ವಿಮರ್ಶೆ ಬರೆದವರೊಬ್ಬರು ಆ ಕೊರತೆಯನ್ನೇ ಎತ್ತಿ ಆಡಿದರು.

ಆಮೇಲೆ ಸಿಡಿ ಬಂತು, ಬೆಳ್ಳಿಯ ಹಾಳೆ ಹಪ್ಪಳದಂತೆ ಎದ್ದುಹೋಯಿತು. ಹೊರಗಿನ ಹಾರ್ಡ್ ಡಿಸ್ಕ್ ಬಂತು, ಅದನ್ನು ಹಗಲೂ ರಾತ್ರಿ ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟು, ಹಣ ಕೇಳುವ ವೈರಸ್ ಬಂದಾಗ ಎರಡಕ್ಕೂ ಒಟ್ಟಿಗೆ ಬೀಗ ಬಿತ್ತು. ಆ ಕತೆಗಳನ್ನು ಎಳೆಯುವುದಿಲ್ಲ. ಆಟ ಒಂದೇ, ಪಾತ್ರ ಬೇರೆ.

ಆದರೆ ಒಂದು ನಷ್ಟ ಬೇರೆ ಜಾತಿಯದು, ಅದು ಕನ್ನಡದವರಿಗೆ ಚೆನ್ನಾಗಿ ಗೊತ್ತು. ಡಿಸ್ಕು ಕೆಟ್ಟಿಲ್ಲ, ಕಡತ ತೆರೆಯುತ್ತದೆ, ಓದಲು ಬರುವುದಿಲ್ಲ. ಆ ಕಾಲದ ಕನ್ನಡ ತಂತ್ರಾಂಶಗಳು ಇಂಗ್ಲಿಷಿನ ಮನೆಗಳಲ್ಲೇ ಕನ್ನಡ ಅಕ್ಷರದ ಚೂರುಗಳನ್ನು ಕೂಡಿಸಿದ್ದವು, ಒಬ್ಬೊಬ್ಬರದು ಒಂದೊಂದು ಲೆಕ್ಕ. ನುಡಿ ಎಂಬ ತಂತ್ರಾಂಶದ ಕಡತವನ್ನು ಅದರ ಫಾಂಟ್ ಇಲ್ಲದ ಕಡೆ ತೆರೆದರೆ 'ಪ' ಇರಬೇಕಾದಲ್ಲಿ ಜಪಾನಿನ ಯೆನ್ ಗುರುತು ಬಂದು ನಿಲ್ಲುತ್ತದೆ. ನುಡಿಯ ಫಾಂಟ್ ಈಗಲೂ ಸಿಗುತ್ತದೆ, ಚಿಂತೆಯಿಲ್ಲ. ನಾವು 1990ರ ದಶಕದಲ್ಲಿ ಬಳಸಿದ್ದು ಬೇರೆ. ಅದು ಓಡಬೇಕಾದರೆ ಪ್ರಿಂಟರ್ ಪೋರ್ಟಿಗೆ ಡಾಂಗಲ್ ಎಂಬ ಬೀಗ ಸಿಕ್ಕಿಸಬೇಕು. ಇಂದಿನ ಯಂತ್ರಗಳಲ್ಲಿ ಆ ಪೋರ್ಟೇ ಇಲ್ಲ. ಹಾಗಾಗಿ ವಿಂಡೋಸ್ 98ರ ಒಂದು ಮುದಿ ಯಂತ್ರವನ್ನು ಬಟ್ಟೆ ಹೊದಿಸಿ ಸಾಕಿಕೊಂಡಿದ್ದೇನೆ. ಎಲ್ಲರಿಗೂ ಒಂದೇ ಲೆಕ್ಕವಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತಂತೆ. ನಮ್ಮ ಗಲ್ಲಿಗೆ ಅದು ನಡೆದು ಬರಲು ಇಪ್ಪತ್ತು ವರ್ಷ ಹಿಡಿಯಿತು.

ಈಗ ಪ್ರೆಸ್ ಇಲ್ಲ. ಯಜಮಾನರ ಮಗ ಜಾಗ ಮಾರಿದ ಮೇಲೆ ಮನೆಯಲ್ಲೇ ಎರಡು ಮೇಜು ಹಾಕಿಕೊಂಡು ಡಿಟಿಪಿ ಮಾಡುತ್ತೇನೆ. ಕಡತದ ಒಂದು ಪ್ರತಿ ಯಂತ್ರದಲ್ಲಿ, ಒಂದು ಕೆಲಸ ಮುಗಿದೊಡನೆ ತಂತಿ ಕಿತ್ತಿಡುವ ಡಿಸ್ಕಿನಲ್ಲಿ, ಮತ್ತೊಂದು ಮೈಸೂರಿನ ಮಗಳ ಮನೆಯಲ್ಲಿ. ಮೆಟ್ಟಿಲ ಕೆಳಗಿನ ಟ್ರಂಕನ್ನು ಯಾರೂ ಕೇಳಲಿಲ್ಲ, ನಾನೇ ತಂದೆ. 1970ರ ದಶಕದ ಹಾಳೆಗಳು ಹಳದಿಯಾಗಿವೆ, ಓದಲು ಕನ್ನಡಕ ಒಂದು ಸಾಕು.

ಅಮಾವಾಸ್ಯೆ ಪೂಜೆಯಾದ ಮೇಲೆ ಕಣ್ಣು ಮುಚ್ಚಿ ಹಳೆಯ ಕಡತವೊಂದನ್ನು ಆರಿಸಿ, ತೆರೆದು, ಒಂದು ಪುಟ ಪ್ರಿಂಟ್ ತೆಗೆಯುತ್ತೇನೆ. ಕಳೆದ ಸಲ ಬಂದದ್ದು 2003ರ ಒಂದು ಲಗ್ನಪತ್ರಿಕೆ. ಯಾವಾಗಲೋ ಯೂನಿಕೋಡಿಗೆ ತಿರುಗಿಸಿದ್ದೆ. ಗಣಪತಿ, ಹೆಸರು, ಮುಹೂರ್ತ, ಛತ್ರದ ವಿಳಾಸ ಎಲ್ಲ ನೆಟ್ಟಗಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ಅರ್ಕಾವತ್ತು ಒಂದು ಮನೆ ಆಚೆ ಜಾರಿ 'ಆಶೀವಾರ್ದ' ಎಂದಾಗಿತ್ತು. ತಿದ್ದಿ, ಮೂರೂ ಕಡೆ ಉಳಿಸಿ, ಪ್ರಿಂಟನ್ನು ಟ್ರಂಕಿಗೆ ಹಾಕಿದೆ. ಬೇವಿನೆಲೆ ಒಣಗಿತ್ತು, ಹೊಸದು ತರಬೇಕು.