ಕಾಫಿ ಕೊಯ್ಲಿನ ನಡುವೆ ಹುಗ್ಗಿ

ಸಂಕ್ರಾಂತಿಯ ಹಿಂದಿನ ದಿನ ನಾವು ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರಗಳ ಮಾರ್ಗವಾಗಿ ಕಳಸದ ಸಮೀಪದ ಬಂಧುಗಳ ಮನೆಗೆ ತೆರಳಿದೆವು. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದು ರೊಬಸ್ಟಾ ಆರಂಭವಾಗುವ ಕಾಲ. ಕಣದ ತುಂಬ ಕಾಫಿ. ಮನೆಯವರಿಗೆ ಕ್ಷಣದ ಬಿಡುವಿಲ್ಲ. ಆದರೂ ಹಬ್ಬದ ಹುಗ್ಗಿಯನ್ನು ಅವಸರದಲ್ಲಿ ಮುಗಿಸಲು ಆ ಮನೆಯ ಅಜ್ಜಿ ಒಪ್ಪಲಿಲ್ಲ.

ಅಕ್ಕಿಯ ಅರ್ಧದಷ್ಟು ಹೆಸರುಬೇಳೆಯನ್ನು ಘಮ್ಮೆನ್ನುವಂತೆ ಹುರಿದು, ಅಕ್ಕಿಯೊಡನೆ ತೊಳೆದು, ಸೌದೆಯ ಒಲೆಯ ಮೇಲೆ ಮೆತ್ತಗೆ ಬೇಯಿಸಿದರು. ಬಳಿಕ ತುಪ್ಪದಲ್ಲಿ ಜೀರಿಗೆ, ಶುಂಠಿ, ಕಾಳುಮೆಣಸಿನ ಒಗ್ಗರಣೆ. ಮೆಣಸು ತೋಟದ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಅವರದೇ ಬಳ್ಳಿಯದು. ಬಂಗಾಳದಲ್ಲಿಯೂ ಸರಸ್ವತೀ ಪೂಜೆಯ ಖಿಚುಡಿಗೆ ಬೇಳೆಯನ್ನು ಹೀಗೆಯೇ ಹುರಿಯುತ್ತಾರೆ. ಆಲೂಗಡ್ಡೆ, ಹೂಕೋಸುಗಳೂ ಅದರಲ್ಲಿ ಸೇರುತ್ತವೆ. ನಮ್ಮ ನಾಲಿಗೆಗೆ ಮೆಣಸಿನ ಖಾರವೇ ಸಾಕು.

ಅಕ್ಕಿ ಮಾತ್ರ ಅಂಗಡಿಯದು. ನಾಟಿಗೆ ಆಳು ಸಿಗದೆ ಮನೆಯ ಕೆಳಗಿನ ಗದ್ದೆ ಅಡಿಕೆ ತೋಟವಾಗಿದೆ. “ಹೊಸಕ್ಕಿಯಿಲ್ಲದೆ ಎಂಥ ಹುಗ್ಗಿ ಮಗಾ?” ಎಂದರು ಅಜ್ಜಿ. ಮಗ ತಲೆಯೆತ್ತಲಿಲ್ಲ.

ಲಿಂಗಪೂಜೆಯಾದ ಮೇಲೆ ಕೊಯ್ಲಿನವರಿಗೆ ಮೊದಲು ಬಡಿಸಿ, ಅನಂತರ ನಾವು ಕುಳಿತೆವು. ಉಳಿದಿರುವ ಮೂಲೆಗದ್ದೆಯಲ್ಲಾದರೂ ಬರುವ ಮಳೆಗಾಲ ನಾಟಿ ಮಾಡಿಸುವೆನೆಂದು ಮಗ ಮೆಲ್ಲನೆ ನುಡಿದ. ಅಜ್ಜಿ ಉತ್ತರಿಸದೆ ಅವನ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದರು.